ಗಾಳಿ ಎಷ್ಟು?

ಇದನ್ನು ನನಗೆ ಮಾರಿದ ಹುಡುಗ
ಸ್ಪ್ರಿಂಗು ಕತ್ತರಿಸಿ, ಗಾಡಿಯನ್ನು ನೆಲಕ್ಕೆ ಇಳಿಸಿ,
ರೊಟ್ಟಿಯಷ್ಟು ತೆಳ್ಳನೆಯ ಟೈರು ತೊಡಿಸಿ
ಕಾಲೇಜು ಗೇಟಿನ ಮುಂದೆ ಒಂದು ವರ್ಷ ಮೆರೆದಿದ್ದ.
ನಾನು ಕಂಡದ್ದು ಬಣ್ಣ, ಆಮೇಲೆ ಬೆಲೆ.

ಹಾಸನದಿಂದ ಬೇಲೂರು, ಹೋಗಿ ಬಂದು
ಎಂಬತ್ತರ ಹತ್ತಿರ ಕಿಲೋಮೀಟರು.
ಉಪಖಜಾನೆಯಲ್ಲಿ ಹತ್ತಕ್ಕೆ ಸಹಿ ಬೀಳಬೇಕು.
ಹಗರೆ ದಾಟುವಷ್ಟರಲ್ಲಿ ಡಬ್ಬಿಯ ಮುಚ್ಚಳ ಸಡಿಲಿ
ಹುರುಳಿ ಸಾರು ಚೀಲದ ತಳ ಸೇರಿರುತ್ತಿತ್ತು.
ಇರುವೆಯ ಮೇಲೆ ಹತ್ತಿದರೂ ಸೊಂಟಕ್ಕೆ ವರದಿ ಬರುತ್ತದೆ,
ಎಂದು ಯಾರಿಗಾದರೂ ಹೇಳಬೇಕು ಅನ್ನಿಸುತ್ತಿತ್ತು.
ಹೇಳಲು ಪಕ್ಕದಲ್ಲಿದ್ದವರು ಧರಣೇಂದ್ರಯ್ಯ.

ಏಳು ತಿಂಗಳಿಂದ ನಮಗೆ ಮಾತಿಲ್ಲ.
ಆಡಿಟ್ಟಿನ ಷರಾದಲ್ಲಿ ನನ್ನ ಹೆಸರು ಬರೆದವರು ಅವರು.
ಅಕ್ಷರ ಎಷ್ಟು ಮುದ್ದಾಗಿತ್ತು ಅಂದರೆ
ಸಿಟ್ಟಿಗಿಂತ ಮೊದಲು ಅದೇ ಕಣ್ಣಿಗೆ ಬಿತ್ತು.
ಆದರೂ ಪೆಟ್ರೋಲು ಅರ್ಧರ್ಧ:
ಒಂದನೇ ತಾರೀಖು ಡ್ಯಾಶ್‌ಬೋರ್ಡಿನ ಮೇಲೆ ಲಕೋಟೆ,
ಚಿಲ್ಲರೆ ಸಮೇತ.
ಹಂಪು ಬಂದಾಗ ಮಾತ್ರ ಇಬ್ಬರೂ ಒಟ್ಟಿಗೆ "ಅಯ್ಯೋ".
ಅಷ್ಟೇ ಸಂಭಾಷಣೆ, ದಿನಕ್ಕೆ ಇಪ್ಪತ್ತೆರಡು ಸಲ.

ಸಾಲಗಾಮೆ ರಸ್ತೆಯ ಜಬೀವುಲ್ಲಾ
ಬಾನೆಟ್ಟಿನ ಮೂಲೆಗೆ ಎರಡೂ ಅಂಗೈ ಊರಿ ಒತ್ತಿದ.
"ಬಗ್ಗೋದೇ ಇಲ್ವಲ್ಲ ಮೇಡಂ ಇದು.
ಬಗ್ಗದೇ ಇರೋದನ್ನ ಸ್ಟ್ರಾಂಗು ಅಂದ್ಕೋತಾರೆ ಹುಡುಗ್ರು.
ಏಟು ಎಲ್ಲಾದ್ರೂ ಹೋಗಬೇಕಲ್ಲ. ಸ್ಪ್ರಿಂಗು ತಗೊಳ್ಳಿಲ್ಲ ಅಂದ್ರೆ
ನಿಮ್ಮ ಬೆನ್ನು ತಗೊಳ್ಳುತ್ತೆ."
ಗೇಜು ಇಟ್ಟು ನೋಡಿದ. "ನಲವತ್ತು! ಲಾರಿನಾ ಇದು?"
ಉಸ್ಸೆಂದು ಬಿಟ್ಟು ಮೂವತ್ತಕ್ಕೆ ನಿಲ್ಲಿಸಿದ.
ದುಡ್ಡು ಕೇಳಲಿಲ್ಲ.
ಗಾಳಿ ತೆಗೆದದ್ದಕ್ಕೆ ಯಾರಾದರೂ ಕೇಳುತ್ತಾರೆಯೇ.

ಉಳಿದದ್ದು ಸಂಬಳ ಬಂದ ಹಾಗೆ.
ಜೂನಿನಲ್ಲಿ ಒಂದು ಸೈಜು ಸಣ್ಣ ರಿಮ್ಮು, ಎತ್ತರದ ಗೋಡೆಯ ಟೈರು.
ತುಟ್ಟಿಭತ್ಯೆಯ ಬಾಕಿ ಕೈಗೆ ಬಂದಾಗ ಶಾಕ್ ಅಬ್ಸಾರ್ಬರು,
ಗುಜರಿಯಿಂದ ಕಂಪನಿಯದೇ ಸ್ಪ್ರಿಂಗು
(ಅಪಘಾತದ ಗಾಡಿಯದಂತೆ; ಯಾರದೆಂದು ಕೇಳಲಿಲ್ಲ).
ಸೀಳಿದ ಬುಷ್ಷುಗಳನ್ನು ಕಳಚಿ ನನ್ನ ಅಂಗೈಗೆ ಹಾಕಿದ,
ಒಣಗಿದ ನೆಲ್ಲಿಕಾಯಿಯಂಥವು, ನಾಲ್ಕು.
ಕೊನೆಗೆ ಪೆನ್ಷನ್ ಮೊಹಲ್ಲಾದ ಸೀಟಿನ ಟೈಲರು
"ಎಡಗಡೆ ಸೀಟಿಗೂ ಫೋಮು ಹಾಕ್ಲಾ?" ಎಂದಾಗ
ಸ್ವಲ್ಪ ಹೊತ್ತು ಸುಮ್ಮನಿದ್ದೆ.
ಹಾಕಿ, ಅಂದೆ. ನಡುವಿನ ಹತ್ತಿರ ಒಂಚೂರು ಜಾಸ್ತಿ.

ಸೋಮವಾರ. ಹಗರೆಯಾಚೆ ಕಿತ್ತುಹೋದ ಡಾಂಬರು.
ಹಲ್ಲು ಕಚ್ಚಿದೆ, ಅಭ್ಯಾಸಬಲ.
ಹದ ಬಂದ ಮುದ್ದೆಗೆ ಹೆಬ್ಬೆರಳು ಇಳಿದ ಹಾಗೆ
ಗಾಡಿ ಗುಂಡಿಗೆ ಇಳಿದು, ಎದ್ದು, ಮುಂದೆ ಹೋಯಿತು.
ಡಬ್ಬಿ ಮಿಸುಕಲಿಲ್ಲ.
"ಅಯ್ಯೋ" ಅನ್ನಲು ಬಾಯಿ ತೆರೆದವರು ಇಬ್ಬರೂ
ಹಾಗೇ ಮುಚ್ಚಿಕೊಂಡೆವು.
ಆಗ ಕೇಳಿಸಿತು ಅವರ ಕೈಗಡಿಯಾರ,
ನನ್ನ ಬಳೆ, ಅವರು ಎಂಜಲು ನುಂಗಿದ್ದು.
ಎಂಥ ಇಕ್ಕಟ್ಟಿನ ಜಾಗ ಈ ಕಾರು!

ಡಾಕ್ಟರು ಕೊಟ್ಟ ಸೊಂಟದ ಬೆಲ್ಟನ್ನು ಅವರು
ಪರ್ರೆಂದು ಬಿಚ್ಚಿ, ಮಡಿಸಿ, ತೊಡೆಯ ಮೇಲಿಟ್ಟುಕೊಂಡರು.
ಇನ್ನೆರಡು ಹಂಪು ಕಳೆದವು.
"ಗಾಳಿ ಎಷ್ಟು?" ಅಂದರು, ಕಿಟಕಿಯ ಕಡೆ ನೋಡುತ್ತ.
"ಮೂವತ್ತು."
"ಹಿಂದಕ್ಕೆ ಇಪ್ಪತ್ತೆಂಟು ಸಾಕು. ಹಿಂದೆ ಯಾರಿದ್ದಾರೆ."
"ಸಂಜೆ ನೋಡೋಣ," ಅಂದೆ.

ಷರಾದ ಮಾತು ಅವರು ಎತ್ತಲಿಲ್ಲ. ನಾನೂ.
ಸಂಜೆ ಬಂಕಿನಲ್ಲಿ ಅವರೇ ಇಳಿದು
ಮೊಣಕಾಲು ಹಿಡಿದು ಹೇಗೋ ಕುಕ್ಕರುಗಾಲಲ್ಲಿ ಕೂತು
ಹಿಂದಿನ ಎಡ ಚಕ್ರದ ಗಾಳಿಮೂತಿಯ ಮುಚ್ಚಳ ಬಿಚ್ಚಿ,
ಕಳೆಯಬಾರದೆಂದು ಜೇಬಿಗೆ ಹಾಕಿಕೊಂಡರು.

ಆ ಚಕ್ರಕ್ಕೆ ಈಗಲೂ ಮುಚ್ಚಳವಿಲ್ಲ.