ಹದಿನಾರು ಕೆರೆಯಲ್ಲಿ ಎಣಿಕೆ

ಬಸ್ಸಿಳಿದಾಗ ಇನ್ನೂ ಮಬ್ಬುಗತ್ತಲು. ಪುಷ್ಯದ ಚಳಿ.
ಇಪ್ಪತ್ತೆರಡು ಮಕ್ಕಳು, ಜೊತೆಗೊಬ್ಬ ತಾಯಿ ಬೇಕೆಂದಿದ್ದರು ಶಾಲೆಯವರು.
ಹೊಲಿಗೆ ಮಿಷನ್ನಿಗೆ ಬಟ್ಟೆ ಹೊದಿಸಿ
ನಂಜನಗೂಡಿನಿಂದ ನಾನೇ ಬಂದೆ.

ಏರಿಯ ಮೇಲೆ ಶಿವಮಾದು ಮೇಷ್ಟ್ರು ಪಿಸುದನಿಯಲ್ಲಿ:
"ಒಂದೊಂದೇ ಎಣಿಸಿದರೆ ಲೆಕ್ಕ ಹಾರಿಹೋಗುತ್ತೆ.
ಮೊದಲು ಹತ್ತು ಹಕ್ಕಿ ಎಣಿಸಿ.
ಆ ಹತ್ತರ ಅಗಲ ಕಣ್ಣಲ್ಲಿಟ್ಟುಕೊಂಡು
ಕೆರೆಯುದ್ದಕ್ಕೂ ಮಡಿಸುತ್ತ ಹೋಗಿ."

ಅರೆ, ಇದು ನನ್ನ ಕಸುಬಲ್ಲವೆ!
ಒಂದು ನೆರಿಗೆ ಸರಿಯಾಗಿ ಹಿಡಿದರೆ
ಮಿಕ್ಕವು ಅದೇ ಅಳತೆಗೆ ಬೀಳುತ್ತವೆ.

ಮಂಜು ಸರಿಯಿತು.
ನೀರಂಚಿಗೆ ಹೆಬ್ಬಾತುಗಳು, ಬೂದಿ ಮೈ, ಬಿಳಿ ತಲೆ,
ತಲೆಯ ಹಿಂದೆ ಎರಡು ಕಪ್ಪು ಪಟ್ಟೆ.
ಯಾರೋ ಅವಸರದಲ್ಲಿ ಹಾಕಿ
ಬಿಚ್ಚಲು ಮರೆತ ಕಚ್ಚಾ ಹೊಲಿಗೆ.
ಮಂಗೋಲಿಯಾ ಅಂದರು ಮೇಷ್ಟ್ರು. ಹಿಮಾಲಯದ ಮೇಲಿಂದ ಅಂದರು.
ನನ್ನ ಮಗಳು ಕೇಳಿದಳು: "ಅಲ್ಲಿ ಇವಕ್ಕೆ ಉಸಿರು ಕಟ್ಟಲ್ವಾ ಸಾರ್?"
ಮೇಷ್ಟ್ರು ಹೇಳುತ್ತಲೇ ಇದ್ದರು. ನಾನು ಹೊಕ್ಕಿದ್ದೆ
ಹದಿನೇಳನೆಯ ಮಡಿಕೆಯೊಳಗೆ.

ಎಮ್ಮೆ ಹೊಡಕೊಂಡು ಬಂದ ದೊಡ್ಡತಾಯಮ್ಮ ನಿಂತು ನೋಡಿದಳು.
"ಬತ್ತ ಕುಯ್ದ ಮೇಕೆ ಬತ್ತವೆ,
ಸಿವರಾತ್ರಿ ಕಳದ್ರೆ ಹೊಂಟೋಯ್ತವೆ.
ರಾತ್ರಿ ಗದ್ದೇಲಿ ಮೇಯ್ತವೆ ಕನವ್ವ, ಹಗಲೆಲ್ಲ ಇಂಗೆ ನಿದ್ದೆ.
ನಮ್ಮೆಜಮಾನ್ರ ತರಾನೆ."
ಮಕ್ಕಳು ನಕ್ಕರು.
ಮೇಷ್ಟ್ರು ಅದನ್ನೂ ಬರೆದುಕೊಂಡರು,
'ಇತರೆ ವಿವರ' ಎಂಬ ಕೊನೆಯ ಅಂಕಣದಲ್ಲಿ.

ನಲವತ್ತಮೂರು ಮಡಿಕೆ ಮುಗಿದಿತ್ತು.
ಎಲ್ಲಿತ್ತೋ ಒಂದು ಗಿಡುಗ, ನೆರಳು ಬಿತ್ತಷ್ಟೆ.
ಕೆರೆಯ ಇಡೀ ಅಂಚು ಒಂದೇ ಏಟಿಗೆ
ಪರ್ರನೆ ಹರಿದು ಮೇಲೆದ್ದಿತು.
ತಲೆಯ ಮೇಲೆ ರೆಕ್ಕೆಗಳ ಗಾಳಿ, ಆಂಗ್ ಆಂಗ್ ಎಂಬ ಕೂಗು.
ಬಾಯಿ ತೆರೆದು ನಿಂತುಬಿಟ್ಟೆವು, ಎಣಿಸುವವರು ಯಾರು?

ಮಗಳ ಲೆಕ್ಕ ಮುನ್ನೂರ ಎಂಬತ್ತು.
ಮೇಷ್ಟ್ರದು ಐನೂರ ಹತ್ತು. ನನ್ನದು ನಾನೂರ ಮೂವತ್ತು.
"ಯಾವುದು ಸರಿ ಸಾರ್?"
"ಗೊತ್ತಿಲ್ಲಮ್ಮ. ಮೂರೂ ಬರೀತೀನಿ" ಎಂದು
ಲೆಕ್ಕದ ಮುಂದೆ ನನ್ನ ಹೆಸರು ಕೇಳಿದರು.
ಸರ್ವಮಂಗಳ, ಅಂದೆ.
ರೇಷನ್ ಕಾರ್ಡು, ಸಂಘದ ಸಾಲದ ಪುಸ್ತಕ ಬಿಟ್ಟರೆ
ಆ ಹೆಸರು ಇನ್ನೊಂದು ಕಡೆ ಬಿದ್ದದ್ದು ಅಂದೇ.

ಸಂಜೆ ರವಿಕೆಯ ಅಳತೆಗೆಂದು ಬಂದ ಪಂಕಜಾಕ್ಷಿ
ನೋಟ್‌ಬುಕ್ಕಿನಲ್ಲಿ ಇಣುಕಿ ಕಿರುಚಿದಳು:
"ಏನ್ರೀ ಇದು, ನನ್ನ ತೋಳಿನ ಸುತ್ತಳತೆ
ನಾನೂರ ಮೂವತ್ತಾ?"