ಬೂದಿಗಂಟು

ಮೂರು ದಿನ ಈರುಳ್ಳಿ ಮುಟ್ಟಬ್ಯಾಡ, ಓಬಳ.
ಬೀಡಿಯ ಮಾತೇ ಎತ್ತಬ್ಯಾಡ.
ನಿನ್ನ ಅಂಗಿ ಬನ್ನಿಮರದ ಬುಡದಾಗೆ ಹೂತಿಟ್ಟೀನಿ,
ನಾಳೆ ತೊಡುವಾಗ ಅದು ನಿಂದಲ್ಲ, ಮಣ್ಣಿಂದು.

ಈ ಹರಕು ಬಟ್ಟೇಲಿ ಬೂದಿ ಐತೆ.
ತಟ್ಟಿದರೆ ಎತ್ತ ಹಾರ್ತೈತೋ
ಅತ್ತ ನಿನ್ನ ಗುಟ್ಟು ಹೋಯ್ತು ಅಂತ ತಿಳಿ.
ಹುಲ್ಲೆಗೆ ಮೂಗಿಗಿಂತ ಕಣ್ಣೇ ಚುರುಕು, ಬಲ್ಲೆ;
ಆದರೂ ನಮ್ಮಪ್ಪ ಹಿಂಗೇ ಕಲಿಸಿದ, ನಾನೂ ಹಿಂಗೇ.

ಕಡೂರು ಕಾವಲು ಬೋಳು,
ಅವಿತುಕೊಳ್ಳಾಕೆ ಒಂದು ಪೊದೆಯೂ ಇಲ್ಲ.
ನಮ್ಮ ಮುದಿ ಎತ್ತಿನ ಹೊಟ್ಟೆ ಮರೇಲಿ ನಡಿ.
ಅದು ಮೇದರೆ ಬಾಗು, ನಿಂತರೆ ನಿಲ್ಲು,
ಬಾಲ ಮುಖಕ್ಕೆ ಬಡಿದರೆ ನಗಬ್ಯಾಡ.

ಗಬ್ಬದ ಹೆಣ್ಣು ಬಿಡು. ಮರಿ ಬಿಡು.
ತಿರುಪುಕೊಂಬಿನ ಕರಿಯ ತಲೆ ಎತ್ತಿ ನಿಂತಾಗ...

ನಾನು ಮೊದಲ ಸಲ ಅಷ್ಟು ಹತ್ರ ಹೋದಾಗ
ಅದರ ಕಣ್ಣ ಸುತ್ತ ಬಿಳೀ ಬಳೆ ಕಂಡೆ.
ಕೋವಿ ತಣ್ಣಗೇ ಉಳೀತು.
ಗಾಳಿ ತಿರುಗ್ತು ಅಂದೆ ಮನೇಲಿ.
ಅಪ್ಪ ನನ್ನ ಸೊಂಟದ ಗಂಟು ಬಿಚ್ಚಿ ಕೈಲಿ ತೂಗಿದ:
ಕಟ್ಟಿದ ಬೂದಿ ಕಟ್ಟಿದಷ್ಟೇ ಇತ್ತು.

ಏನೂ ಅನ್ನಲಿಲ್ಲ.
ಏಳು, ಎತ್ತಿಗೆ ನೀರು ತೋರಿಸು.