ಬದನಿಕೆ ಹಕ್ಕಿ

ಪೆರುಂಬಾಡಿ ದಾಟುವಾಗ ಇನ್ನೂ ಕತ್ತಲೆ.
ಉಮ್ಮರನ ಓಮ್ನಿಗೆ ಒಂದೇ ಕಣ್ಣು,
ಅದೂ ಮಂಜನ್ನಷ್ಟೇ ಬೆಳಗುತ್ತಿತ್ತು.
ಹಿಂದೆ ಬೊಳ್ಳಮ್ಮ, ತೊಡೆಯ ಮೇಲೆ ನೂಪುಟ್ಟಿನ ಡಬ್ಬಿ,
ಡಬ್ಬಿಯ ಮೇಲೆ ಬೈನಾಕ್ಯುಲರ್,
ಅದರ ಮೇಲೆ ಅವಳ ನಿದ್ದೆಯ ಗಲ್ಲ.

ಹುಡುಕಲು ಹೊರಟದ್ದು ಕಪ್ಪೆಬಾಯಿ ಹಕ್ಕಿ.
ಹಗಲೆಲ್ಲ ತರಗೆಲೆಯಾಗಿ ಕೂತಿರುತ್ತದಂತೆ
ಗಂಡು ಹೆಣ್ಣು ಭುಜಕ್ಕೆ ಭುಜ ತಾಗಿಸಿ,
ಮುಟ್ಟುವಷ್ಟು ಹತ್ತಿರ ಹೋದರೂ ಅಲುಗದೆ.
ಮಾಕುಟ್ಟದ ಚೋಮ ಎರಡು ವಾರದ ಹಿಂದೆ ಕಂಡಿದ್ದ,
ಬೆತ್ತದ ಮೆಳೆಯಲ್ಲಿ. ಯಾವ ಮೆಳೆ ಎಂದರೆ
ಕೈಯನ್ನು ಇಡೀ ಕಾಡಿನ ಮೇಲೆ ಆಡಿಸಿದ.

ಕಾಲಿಗೆ ಸುಣ್ಣ, ತಂಬಾಕು ಹಚ್ಚಿ ಇಳಿದೆವು.
ಜಿಗಣೆಗಳಿಗೆ ಪಟ್ಟಿ ಬೇಕಿರಲಿಲ್ಲ,
ಸಿಕ್ಕಿದವರೆಲ್ಲ ಅವಕ್ಕೆ ಅಪರೂಪ.

"ಬದನಿಕೆ ಹಕ್ಕಿ" ಎಂದಳು ಬೊಳ್ಳಮ್ಮ, ಬೆರಳೆತ್ತಿ.
ಉಮ್ಮರ್ ತಲೆಯಾಡಿಸಿದ. ನಾನೂ ಆಡಿಸಿದೆ.
ಹೊಳೆ ಕೇಳುತ್ತಿತ್ತು. ಘಾಟಿಯಲ್ಲಿ ಲಾರಿಯೊಂದು
ಗೇರು ಬದಲಿಸಿದ್ದು ಕೇಳಿತು. ತಲೆಯ ಮೇಲೆ
ಮಂಗಟ್ಟೆಯ ರೆಕ್ಕೆ ಗಾಳಿ ಹರಿದದ್ದು ಕೇಳಿತು.
ಆ ಚಿಟಿಕೆಯಷ್ಟು ಸದ್ದು ಇರಬೇಕಾದಲ್ಲಿ ಮಾತ್ರ
ಬರೀ ಎಲೆ.

"ಎಲ್ಲಿ, ತೋರಿಸಿ ನೋಡುವ" ಅಂದ ಚೋಮ.
ತೋರಿಸಿದೆ.
"ಅದು ಹಾರಿ ಆಯ್ತಲ್ಲ ಅಣ್ಣಾ,
ನೀವು ತಲೆ ಆಡಿಸುವ ಮೊದಲೇ."

ಉಮ್ಮರ್ ನಕ್ಕ. ಆಮೇಲೆ ನಗಲಿಲ್ಲ.
ಹತ್ತೊಂಬತ್ತು ವರ್ಷ ಕಣ್ಣು ಮುಚ್ಚಿ
ಹಕ್ಕಿಯ ಹೆಸರು ಹೇಳುತ್ತಿದ್ದವನು ನಾನು,
ಇವರಿಬ್ಬರ ಕಿವಿ ತಿದ್ದಿದವನು.
ಯಾವಾಗಿನಿಂದ ಎಂದು ಯಾರೂ ಕೇಳಲಿಲ್ಲ.
ಕೇಳಿದ್ದರೂ ನನಗೆ ಗೊತ್ತಿರಲಿಲ್ಲ,
ಹೋಗುವ ಸದ್ದು ಹೇಳಿ ಹೋಗುತ್ತದೆಯೆ?

ಮಧ್ಯಾಹ್ನ ಬಂಡೆಯ ಮೇಲೆ ನೂಪುಟ್ಟು, ಜೇನು.
ಉಮ್ಮರ್ ಕ್ಯಾಮೆರಾದಲ್ಲೊಂದು ಚಿತ್ರ ತೋರಿಸಿದ:
ಬೆತ್ತದ ಮೆಳೆ, ಎರಡು ಒಣ ಎಲೆ.
"ಕಣ್ಣು ನೋಡಿ, ಕಣ್ಣು!"
"ಎಲೆ" ಎಂದಳು ಬೊಳ್ಳಮ್ಮ.
ಚೋಮ ದೊಡ್ಡದು ಮಾಡಿ, ಸಣ್ಣದು ಮಾಡಿ,
ಪರದೆಗೆಲ್ಲ ಜೇನು ಮೆತ್ತಿ ವಾಪಸು ಕೊಟ್ಟು
ಬೀಡಿ ಹಚ್ಚಿದ.
ನೋಟುಬುಕ್ಕಿನಲ್ಲಿ 'ಕಪ್ಪೆಬಾಯಿ' ಎಂದು ಬರೆದು
ಎದುರಿಗೊಂದು ಪ್ರಶ್ನೆಚಿಹ್ನೆ ಹಾಕಿದೆ.
ಬೆಳಗಿನ ಇನ್ನೊಂದನ್ನು ಬರೆಯಲಿಲ್ಲ.

ಹಿಂದಿರುಗುವಾಗ ಅದೇ ಮರದ ಕೆಳಗೆ
ಬೊಳ್ಳಮ್ಮ ನಿಂತಳು. ಏನೂ ಹೇಳದೆ
ನನ್ನ ಮಣಿಕಟ್ಟು ಹಿಡಿದು
ಉಗುರಿನ ತುದಿಯಿಂದ ತಟ್ಟಿದಳು:
ಟಿಕ್. ಟಿಕ್‌ಟಿಕ್.
ಸ್ವಲ್ಪ ಬಿಟ್ಟು, ಟಿಕ್.

ಮರ ನೋಡಿದೆ. ಅವಳ ಉಗುರು ನೋಡಿದೆ.
ಅದರ ಸಂದಿಯಲ್ಲಿ ಇನ್ನೂ ಸುಣ್ಣವಿತ್ತು.